ಬಾಳಿಕೆ ಬರುವ ಬೆಂಚ್ ವೈಸ್ ಯಾವುದು?

ಪ್ರಶ್ನೆ: ನಮ್ಮದು ಸಿರುಗುಪ್ಪ ತಾಲ್ಲೂಕಿನ ರಾರಾವಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಚಿಕ್ಕದೊಂದು ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. ಟ್ರ್ಯಾಕ್ಟರ್ ಸಾಮಾನು, ಪಂಪ್‌ಸೆಟ್ ಪೈಪು, ಔಷಧಿ ಹೊಡೆಯುವ ಸ್ಪ್ರೇಯರ್, ಕುಂಟೆಯ ಕುಡ ಎಲ್ಲವನ್ನೂ ಅಲ್ಲೇ ರಿಪೇರಿ ಮಾಡುತ್ತೇನೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಆರು ಇಂಚಿನ ವೈಸ್ ಎರಡೇ ವರ್ಷಕ್ಕೆ ದವಡೆಯ ಬುಡದಲ್ಲಿ ಮುರಿಯಿತು. ಈ ಸಲ ಎಂಟು ಇಂಚಿನದೇ ತರಬೇಕೆ? ಗುಜರಿಯಲ್ಲಿ ಸಿಗುವ ಹಳೆಯ ವೈಸ್ ಗಟ್ಟಿ ಎನ್ನುತ್ತಾರೆ, ನಿಜವೇ? ನನ್ನ ಮಗನ ಕಾಲಕ್ಕೂ ಬರುವಂಥದ್ದನ್ನು ಆರಿಸುವುದು ಹೇಗೆ?

ಉತ್ತರ: ಎಂಟು ಇಂಚು ಬೇಡ. ನೀವು ಹೇಳಿದ ಕೆಲಸಗಳಿಗೆ ಐದು ಇಂಚಿನ, ಅಂದರೆ 125 ಮಿ.ಮೀ. ದವಡೆಯ ವೈಸ್ ಸಾಕು. ಆದರೆ ಅದರ ಮೈ ಎಸ್‌ಜಿ ಐರನ್‌ನದ್ದಾಗಿರಲಿ, ಬುಡ ತಿರುಗದ ಮಾದರಿಯದ್ದಾಗಿರಲಿ, ದವಡೆಯ ಪ್ಲೇಟು ಮತ್ತು ಒಳಗಿನ ನಟ್ಟು ಎರಡೂ ಬಿಚ್ಚಿ ಬದಲಿಸುವಂತಿರಲಿ. ಇಂಚು ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು ಎಂಬುದು ತಪ್ಪು ಲೆಕ್ಕ. ಯಾವ ಲೋಹದ್ದು, ಸವೆದದ್ದನ್ನು ಮತ್ತೆ ಹಾಕಬಹುದೇ, ಎಂಥ ನೆಲೆಯ ಮೇಲೆ ಕೂತಿದೆ ಎಂಬ ಮೂರೇ ವಿಷಯ ವೈಸ್‌ನ ಆಯುಸ್ಸನ್ನು ತೀರ್ಮಾನಿಸುತ್ತವೆ.

ನಿಮ್ಮ ಕಡೆ ಈ ಪ್ರಶ್ನೆಗೆ ತೂಕ ಹೆಚ್ಚು. ಹಗರಿಯ ದಂಡೆಯ ಊರುಗಳಲ್ಲಿ ನಾಟಿ, ಔಷಧಿ, ಕೊಯ್ಲು ಎಲ್ಲಕ್ಕೂ ಗಡುವು ಇರುತ್ತದೆ. ಕಾಲುವೆಗೆ ನೀರು ಬಂದ ಮೇಲೆ ಕೇಜ್ ವೀಲಿನ ಒಂದು ಪಟ್ಟಿ ಸೊಟ್ಟಗಾದರೂ ಅವತ್ತಿನ ಕೆಸರು ಕೆಲಸ ನಿಲ್ಲುತ್ತದೆ. ಅದನ್ನು ಹೊತ್ತುಕೊಂಡು ಸಿರುಗುಪ್ಪಕ್ಕೋ ಆದೋನಿಗೋ ಹೋಗಿ ಸರದಿಯಲ್ಲಿ ಕೂತರೆ ಆಳಿನ ಕೂಲಿ, ಟ್ರ್ಯಾಕ್ಟರಿನ ಬಾಡಿಗೆ ಎರಡೂ ನಷ್ಟ. ಮನೆಯಲ್ಲೇ ಗಟ್ಟಿಯಾದೊಂದು ವೈಸ್ ಇದ್ದರೆ ಹ್ಯಾಕ್ಸಾ, ಅರ, ಸುತ್ತಿಗೆಯಿಂದಲೇ ಅರ್ಧ ರಿಪೇರಿ ಮುಗಿಯುತ್ತದೆ. ರೈತನ ಮನೆಗೆ ಡ್ರಿಲ್ಲಿಂಗ್ ಮಷಿನ್ನಿಗಿಂತ, ಗ್ರೈಂಡರಿಗಿಂತ ಮೊದಲು ಬರಬೇಕಾದ್ದು ವೈಸ್ ಎಂದೇ ನನ್ನ ನಂಬಿಕೆ. ಹಿಡಿತ ಇಲ್ಲದೆ ಉಳಿದ ಯಾವ ಸಲಕರಣೆಯೂ ನೆಟ್ಟಗೆ ಕೆಲಸ ಮಾಡುವುದಿಲ್ಲ, ಕೈಗೂ ಅಪಾಯ.

ಮೊದಲು ನಿಮ್ಮ ವೈಸ್ ಯಾಕೆ ಮುರಿಯಿತು ನೋಡೋಣ. ಅಂಗಡಿಗಳಲ್ಲಿ ಸಿಗುವ ಅಗ್ಗದ ವೈಸ್‌ಗಳ ಮೈ ಬೂದು ಎರಕದ ಕಬ್ಬಿಣ, ಅಂದರೆ ಗ್ರೇ ಕಾಸ್ಟ್ ಐರನ್. ಈ ಕಬ್ಬಿಣದೊಳಗಿನ ಇಂಗಾಲ ತೆಳ್ಳನೆಯ ಗ್ರಾಫೈಟ್ ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಟ್ಟಂತೆ ಲೋಹದ ಮೈತುಂಬ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಅದುಮಿದರೆ ತಡೆಯುತ್ತದೆ, ಎಳೆದರೆ ಅಥವಾ ಬಡಿದರೆ ಒಂದು ಸೀಳು ಇನ್ನೊಂದಕ್ಕೆ ಸೇರಿ ತಟ್ಟನೆ ತುಂಡಾಗುತ್ತದೆ. ಬಾಗಿ ಮುನ್ಸೂಚನೆ ಕೊಡುವ ಗುಣ ಅದಕ್ಕಿಲ್ಲ. ವೈಸ್ ಬಿಗಿಯುವಾಗ ದವಡೆಯ ಬುಡಕ್ಕೆ ಬೀಳುವುದು ಈ ಎಳೆತವೇ. ಹಾಗಾಗಿ ನಿಮ್ಮದು ಮುರಿದ ಜಾಗ ಆಕಸ್ಮಿಕವೇನಲ್ಲ.

1943ರಲ್ಲಿ ಅಮೆರಿಕದ ಕೀತ್ ಮಿಲ್ಲಿಸ್ ಎಂಬ ಲೋಹತಜ್ಞ, ಕರಗಿದ ಕಬ್ಬಿಣಕ್ಕೆ ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟ್ ಹಾಳೆಯಾಗದೆ ಸಣ್ಣ ಸಣ್ಣ ಗುಂಡುಗಳಾಗುವುದನ್ನು ತೋರಿಸಿಕೊಟ್ಟರು. ಅದೇ ಎಸ್‌ಜಿ ಐರನ್; ಡಕ್ಟೈಲ್ ಐರನ್ ಎಂದೂ ಕರೆಯುತ್ತಾರೆ. ಗುಂಡುಗಳ ನಡುವೆ ಲೋಹ ಅಖಂಡವಾಗಿ ಉಳಿಯುವುದರಿಂದ ಸೀಳು ಬೆಳೆಯುವುದಿಲ್ಲ. ಭಾರತೀಯ ಮಾನಕದಲ್ಲಿ ಬೂದು ಎರಕಕ್ಕೆ ಐಎಸ್ 210, ಎಸ್‌ಜಿ ಐರನ್‌ಗೆ ಐಎಸ್ 1865 ಇದೆ. ಎಫ್‌ಜಿ 200 ದರ್ಜೆಯ ಬೂದು ಎರಕ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 200 ನ್ಯೂಟನ್ ಎಳೆತ ತಡೆಯಬೇಕು. ಎಸ್‌ಜಿ 500/7 ದರ್ಜೆಯದು 500 ನ್ಯೂಟನ್ ತಡೆಯಬೇಕು, ಜೊತೆಗೆ ಮುರಿಯುವ ಮೊದಲು ಶೇಕಡ 7ರಷ್ಟಾದರೂ ಹಿಗ್ಗಬೇಕು. ಆ ಹಿಗ್ಗುವ ಗುಣಕ್ಕೇ ನೀವು ಹೆಚ್ಚಿನ ಹಣ ಕೊಡುವುದು. ಬೂದು ಎರಕದ್ದೆಲ್ಲ ಕೆಟ್ಟದ್ದು ಎಂದಲ್ಲ. ದಪ್ಪ ಮೈಯಿಟ್ಟು ಎರಕ ಹೊಯ್ದ ವೈಸ್‌ಗಳು ಅರ ಹಾಕುವ, ಕೊಯ್ಯುವ ಕೆಲಸಕ್ಕೆ ಹತ್ತಾರು ವರ್ಷ ಬಂದಿವೆ. ಆದರೆ ನಿಮ್ಮ ಶೆಡ್ಡಿನಲ್ಲಿ ಸುತ್ತಿಗೆಯ ಪೆಟ್ಟು ತಪ್ಪುವುದಿಲ್ಲವಾದ್ದರಿಂದ ಎಸ್‌ಜಿ ಐರನ್ನನ್ನೇ ಹೇಳುತ್ತಿದ್ದೇನೆ. ದಪ್ಪ ಸ್ಟೀಲ್ ಪ್ಲೇಟನ್ನು ಕತ್ತರಿಸಿ ವೆಲ್ಡ್ ಮಾಡಿದ ವೈಸ್‌ಗಳೂ ಬರುತ್ತವೆ. ವೆಲ್ಡಿಂಗ್ ಅಚ್ಚುಕಟ್ಟಾಗಿದ್ದು, ಜಾರು ಭಾಗ ಸಡಿಲವಿಲ್ಲದಿದ್ದರೆ ಅವೂ ಪೆಟ್ಟು ತಡೆಯುತ್ತವೆ.

ಮುರಿಯಲು ಇನ್ನೊಂದು ಕಾರಣವೂ ಇರಬಹುದು. ಹ್ಯಾಂಡಲಿಗೆ ಪೈಪು ತೂರಿಸಿ ಬಿಗಿಯುವ ಅಭ್ಯಾಸ ನಮ್ಮ ಹಳ್ಳಿಯ ಎಲ್ಲ ವರ್ಕ್‌ಶಾಪುಗಳಲ್ಲೂ ಇದೆ. ಅದರ ಲೆಕ್ಕ ಒಮ್ಮೆ ಹಾಕಿ ನೋಡಿ. ಸ್ಕ್ರೂವಿನ ನಡುಮಧ್ಯದಿಂದ ಹ್ಯಾಂಡಲಿನ ತುದಿಗೆ 200 ಮಿ.ಮೀ. ಇದೆ, ಒಂದು ಸುತ್ತಿಗೆ ದವಡೆ 5 ಮಿ.ಮೀ. ಮುಂದೆ ಬರುತ್ತದೆ ಎಂದುಕೊಳ್ಳಿ. ನಿಮ್ಮ ಕೈ ಒಂದು ಸುತ್ತಿಗೆ ಸುಮಾರು 1,256 ಮಿ.ಮೀ. ಚಲಿಸುತ್ತದೆ, ಅಂದರೆ ದವಡೆಯ 250 ಪಟ್ಟು. ಕೈಯಿಂದ 15 ಕೆ.ಜಿ. ಭಾರದಷ್ಟು ಒತ್ತಿದರೆ ಕಾಗದದ ಮೇಲೆ 3,750 ಕೆ.ಜಿ. ಹಿಡಿತ ಬರಬೇಕು. ಎಳೆಗಳ ತಿಕ್ಕಾಟ ಅದರ ಮುಕ್ಕಾಲಿಗೂ ಹೆಚ್ಚು ಪಾಲು ತಿಂದುಹಾಕುತ್ತದೆ. ಆದರೂ ಮುಕ್ಕಾಲು ಟನ್ನಿನ ಆಸುಪಾಸು ಹಿಡಿತ ಉಳಿಯುತ್ತದೆ. ಈಗ 600 ಮಿ.ಮೀ. ಆಗುವಂತೆ ಪೈಪು ತೂರಿಸಿ, ಮೈಭಾರ ಹಾಕಿ 40 ಕೆ.ಜಿ.ಯಷ್ಟು ಒತ್ತಿ. ಹಿಡಿತ ಎಂಟು ಪಟ್ಟಾಯಿತು, ಅಂದರೆ ಆರು ಟನ್. ಐದಾರು ಇಂಚಿನ ವೈಸ್‌ನ ದವಡೆ ಅಷ್ಟನ್ನು ಹೊರುವುದಕ್ಕೆ ಮಾಡಿದ್ದಲ್ಲ. ಒಳ್ಳೆಯ ತಯಾರಕರು ಹ್ಯಾಂಡಲಿನ ಉದ್ದ, ದಪ್ಪವನ್ನು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಕೈಬಲಕ್ಕೆ ಮೀರಿದ ಭಾರ ಬಿದ್ದರೆ ಮೊದಲು ಹ್ಯಾಂಡಲ್ ಬಾಗಬೇಕು, ಮೈ ಉಳಿಯಬೇಕು ಎಂಬುದು ಉದ್ದೇಶ. ಬಾಗಿದ ಹ್ಯಾಂಡಲನ್ನು ನೆಟ್ಟಗೆ ಮಾಡಬಹುದು, ಒಡೆದ ದವಡೆಯನ್ನು ಸರಿಮಾಡಲಾಗದು.

ಮೈ ಆದ ಮೇಲೆ ನೋಡಬೇಕಾದ್ದು ಒಳಗಿನ ನಟ್ಟು. ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ, ಯಾಕೆಂದರೆ ಅದು ಮೈಯೊಳಗೆ ಅಡಗಿರುತ್ತದೆ. ವೈಸನ್ನು ಮಗುಚಿ, ಟಾರ್ಚ್ ಬಿಟ್ಟು ನೋಡಿ. ಸ್ಕ್ರೂ ಹಾದುಹೋಗುವ ಬಾಕ್ಸ್ ನಟ್ ಬೇರೆಯೇ ತುಂಡಾಗಿದ್ದು, ಬೋಲ್ಟಿನಿಂದಲೋ ಪಿನ್ನಿನಿಂದಲೋ ಮೈಗೆ ಕೂಡಿಸಿದ್ದರೆ ಒಳ್ಳೆಯದು. ಹತ್ತು ಹದಿನೈದು ವರ್ಷಕ್ಕೆ ಅದರ ಎಳೆ ಸವೆದರೆ ಹೊಸದು ಹಾಕಬಹುದು, ಕಂಪನಿಯ ನಟ್ಟು ಸಿಗದಿದ್ದರೂ ಟರ್ನರ್ ಲೇತಿನಲ್ಲಿ ಮಾಡಿಕೊಡುತ್ತಾನೆ. ಮೈಯಲ್ಲೇ ಎಳೆ ಕೊರೆದಿದ್ದರೆ, ಆ ಎಳೆ ಹೋದ ದಿನ ವೈಸೂ ಹೋದಂತೆ. ನಟ್ಟು ಉದ್ದವಾಗಿರಬೇಕು. ನಾಲ್ಕೈದು ಎಳೆ ಮಾತ್ರ ಹಿಡಿಯುವ ಗಿಡ್ಡ ನಟ್ಟಿನ ಮೇಲೆ ಇಡೀ ಭಾರ ಬಿದ್ದು ಅದು ಬೇಗ ಸವೆಯುತ್ತದೆ. ಸ್ಕ್ರೂವಿನ ಎಳೆ ಚೌಕವೋ ಟ್ರಪಿಜಾಯ್ಡಲ್ಲೋ ಆಗಿರಲಿ. ಸಾಮಾನ್ಯ ಬೋಲ್ಟಿನಂತೆ ಚೂಪು ಎಳೆಯದ್ದಾದರೆ ಅಲ್ಲೇ ಬಿಟ್ಟು ಬನ್ನಿ.

ದವಡೆಯ ಪ್ಲೇಟುಗಳು ಹದ ಹಾಕಿದ ಸ್ಟೀಲಿನವಾಗಿದ್ದು ಸ್ಕ್ರೂ ಹಾಕಿ ಕೂರಿಸಿದವಾಗಿರಬೇಕು. ಹಳೆಯ ಅರದ ಮೂಲೆಯಿಂದ ಪ್ಲೇಟಿನ ಅಂಚನ್ನು ಮೆಲ್ಲಗೆ ತೀಡಿದರೆ ಅರ ಜಾರಬೇಕು. ಕಚ್ಚಿದರೆ ಹದ ಸಾಲದು ಎಂದರ್ಥ. ಹಲ್ಲಿರುವ ಪ್ಲೇಟು ಚೆನ್ನಾಗಿ ಹಿಡಿಯುತ್ತದೆ, ಆದರೆ ಹಿತ್ತಾಳೆ ನಾಜಲ್ಲು, ತಾಮ್ರದ ಬುಷ್ಷು, ಶಾಫ್ಟು ಇಟ್ಟರೆ ಗುರುತು ಬೀಳುತ್ತದೆ. ಅಂಥವಕ್ಕೆ ಅಲ್ಯುಮಿನಿಯಂ ಪಟ್ಟಿಯನ್ನು ಎಲ್ ಆಕಾರಕ್ಕೆ ಮಡಚಿ ದವಡೆಗೆ ತೊಡಿಸಿ.

ತಿರುಗುವ ಬುಡ, ಅಂದರೆ ಸ್ವಿವೆಲ್ ಬೇಸ್, ನೋಡಲು ಆಕರ್ಷಕ. ಉದ್ದನೆಯ ಸಾಮಾನನ್ನು ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳುವ ಅನುಕೂಲವೂ ಉಂಟು. ಆದರೆ ಪ್ರತಿ ಪೆಟ್ಟಿಗೂ ಅಲುಗಾಡುವ ಇನ್ನೊಂದು ಜೋಡಣೆ ಅಲ್ಲಿ ಸೇರುತ್ತದೆ. ಇರುವುದು ಒಂದೇ ವೈಸ್ ಎಂದಾದರೆ ತಿರುಗದ ಬುಡದ್ದನ್ನೇ ಕೊಳ್ಳಿ.

ಗಾತ್ರದ ವಿಷಯ. ಅಂಗಡಿಯವರು ಇಂಚು ಎನ್ನುವುದು ದವಡೆಯ ಅಗಲವನ್ನು ಮಾತ್ರ. ಮೈಯ ದಪ್ಪ, ಬಾಯಿ ತೆರೆಯುವ ಅಳತೆ, ಗಂಟಲಿನ ಆಳ ಅದರಲ್ಲಿ ಬರುವುದಿಲ್ಲ. ಒಂದೇ ಆರು ಇಂಚಿನ ಎರಡು ವೈಸ್‌ಗಳಲ್ಲಿ ಒಂದು 14 ಕೆ.ಜಿ., ಇನ್ನೊಂದು 25 ಕೆ.ಜಿ. ತೂಗುವುದುಂಟು. ಅಗಲ ಒಂದೇ ಇದ್ದಾಗ ಹಗುರವಾದದ್ದರಲ್ಲಿ ಲೋಹವನ್ನು ಎಲ್ಲಿ ಉಳಿಸಿದ್ದಾರೆಂದು ಊಹಿಸುವುದು ಕಷ್ಟವಲ್ಲ: ದವಡೆಯ ಬುಡದಲ್ಲಿ, ಜಾರು ಭಾಗದಲ್ಲಿ. ಹಾಗಾಗಿ ಬೆಲೆಯನ್ನು ಇಂಚಿನಿಂದ ಅಳೆಯದೆ ಕೆ.ಜಿ.ಗೆ ಎಷ್ಟು ಬೀಳುತ್ತದೆಂದು ಭಾಗಿಸಿ ನೋಡಿ. ನಾಲ್ಕು ಇಂಚಿನದು ಸೈಕಲ್, ಬೈಕು, ಸ್ಪ್ರೇಯರ್ ಕೆಲಸಕ್ಕೆ ಸಾಕು. ಟ್ರ್ಯಾಕ್ಟರಿನ ಲಿಂಕ್ ಪಿನ್ನು, ಕಲ್ಟಿವೇಟರ್ ಸಾಮಾನು, ಮೂರು ಇಂಚಿನ ಫ್ಲಾಟ್ ಪಟ್ಟಿ ಇವಕ್ಕೆಲ್ಲ ಐದು ಇಂಚು ಸರಿಹೋಗುತ್ತದೆ. ಎಂಟು ಇಂಚಿನ ಒಳ್ಳೆಯ ವೈಸ್‌ನ ಹಣಕ್ಕೆ ಐದು ಇಂಚಿನ ಒಳ್ಳೆಯದೊಂದು ಬಂದು, ಮಿಕ್ಕಿದ್ದರಲ್ಲಿ ಗಟ್ಟಿ ಮೇಜು ಮಾಡಿಸಬಹುದು.

ವೈಸ್‌ನಿಂದ ಮಾಡಿಸಬಾರದ ಕೆಲಸಗಳೂ ಇವೆ. ಕುಂಟೆಯ ಕುಡವನ್ನು ಕಾಯಿಸಿ ಬಡಿಯುವುದು ಬೆಂಚ್ ವೈಸ್‌ನ ಕೆಲಸವಲ್ಲ. ಕಮ್ಮಾರರ ಕುಲುಮೆಯಲ್ಲಿ ನೆಲದವರೆಗೆ ಇಳಿಯುವ ಕಾಲಿರುವ ವೈಸ್ ನೋಡಿರುತ್ತೀರಿ. ಅದರ ಮೈ ಬಡಿದು ಮಾಡಿದ ಕಬ್ಬಿಣದ್ದು, ಪೆಟ್ಟಿನ ಭಾರ ಕಾಲಿನ ಮೂಲಕ ಸೀದಾ ನೆಲಕ್ಕೆ ಇಳಿಯುತ್ತದೆ. ಬಡಿಯುವ ಕೆಲಸ ನಿಮಗೆ ಹೆಚ್ಚಿದ್ದರೆ ಅಂಥದೊಂದನ್ನು, ಇಲ್ಲವೇ ರೈಲು ಹಳಿಯ ತುಂಡೊಂದನ್ನು ಅಡಿಗಲ್ಲಾಗಿ ಇಟ್ಟುಕೊಳ್ಳಿ. ಬೋರ್‌ವೆಲ್ಲಿನ ಜಿಐ ಪೈಪಿಗೆ ಎಳೆ ಹಾಕುವುದಿದ್ದರೆ ಪೈಪ್ ವೈಸ್ ಬೇರೆಯೇ ಸಿಗುತ್ತದೆ. ಸಮತಟ್ಟು ದವಡೆಯಲ್ಲಿ ಪೈಪನ್ನು ತಿರುಗದಂತೆ ಹಿಡಿಯಲು ಹೋದರೆ ಪೈಪು ಚಪ್ಪಟೆಯಾಗುತ್ತದೆ, ಸಿಟ್ಟಿಗೆ ಇನ್ನಷ್ಟು ಬಿಗಿದರೆ ವೈಸ್‌ಗೂ ಪೆಟ್ಟು.

ಅಂಗಡಿಯಲ್ಲಿ ಪರೀಕ್ಷೆ ಮಾಡುವ ಕ್ರಮ ಹೀಗಿರಲಿ. ಮೊದಲು ಮೈಮೇಲೆ ‘ಎಸ್‌ಜಿ ಐರನ್’ ಎಂದು ಎರಕದಲ್ಲೇ ಮೂಡಿದೆಯೇ, ಬಿಲ್ಲಿನಲ್ಲಿ ಹಾಗೆಂದು ಬರೆದುಕೊಡುತ್ತಾರೆಯೇ ಕೇಳಿ. ಬೆಂಚ್ ವೈಸ್‌ಗೆ ಐಎಸ್ 2586 ಎಂಬ ಭಾರತೀಯ ಮಾನಕವಿದೆ, ಅದರ ನಮೂದಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಹ್ಯಾಂಡಲ್ ತಿರುಗಿಸಿ ಮುಂದಿನ ದವಡೆಯನ್ನು ಪೂರ್ತಿ ಹೊರತೆಗೆಯಿರಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಡ ಎನ್ನುವುದಿಲ್ಲ. ಅದನ್ನು ಹಗ್ಗದಲ್ಲಿ ತೂಗುಹಾಕಿ ಸಣ್ಣ ಸ್ಪ್ಯಾನರಿನಿಂದ ತಟ್ಟಿ. ಎಸ್‌ಜಿ ಐರನ್ ಆದರೆ ನಾದ ಸ್ವಲ್ಪ ಹೊತ್ತು ಉಳಿಯುತ್ತದೆ, ಬೂದು ಎರಕ ಮಂದವಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ. ಒಳಗೆ ಬಿರುಕಿದ್ದರೂ ಸದ್ದು ಒಡೆದು ಬರುತ್ತದೆ. ಎರಡು ಬೇರೆ ಬೇರೆ ವೈಸ್‌ಗಳ ತುಂಡನ್ನು ಒಂದಾದ ಮೇಲೊಂದು ತಟ್ಟಿದರೆ ವ್ಯತ್ಯಾಸ ಸಲೀಸಾಗಿ ಗೊತ್ತಾಗುತ್ತದೆ. ಬಣ್ಣ ದಪ್ಪಗೆ ಬಳಿದ ಕಡೆ ಅನುಮಾನವಿರಲಿ, ಎರಕದ ತೂತುಗಳಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಯುವುದುಂಟು. ಬಣ್ಣ ಕಡಿಮೆ ಇರುವ ಅಡಿಭಾಗವನ್ನು ನೋಡಿದರೆ ಎರಕದ ನಿಜವಾದ ಮೈ ಕಾಣುತ್ತದೆ.

ದವಡೆಯನ್ನು ಮತ್ತೆ ಕೂಡಿಸಿ, ಬಾಯಿಯನ್ನು ಮುಕ್ಕಾಲು ಪಾಲು ತೆರೆದು, ಮುಂದಿನ ದವಡೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಹೊಸ ವೈಸ್‌ನಲ್ಲೇ ಟಕಟಕ ಎಂದರೆ ಜಾರು ಭಾಗವನ್ನು ಸರಿಯಾಗಿ ಮಷಿನ್ ಮಾಡಿಲ್ಲ. ಕೊನೆಗೆ ಸುದ್ದಿಪತ್ರಿಕೆಯ ಎರಡು ಪಟ್ಟಿಗಳನ್ನು ದವಡೆಯ ಎರಡು ಮೂಲೆಗಳಲ್ಲಿ ಇಟ್ಟು ಹಗುರಾಗಿ ಬಿಗಿಯಿರಿ. ಎರಡೂ ಒಂದೇ ಬಿಗಿಯಲ್ಲಿ ಸಿಕ್ಕಿಕೊಳ್ಳಬೇಕು. ಒಂದು ಎಳೆದರೆ ಬಂದು ಇನ್ನೊಂದು ಹರಿದರೆ ದವಡೆ ಓರೆಯಾಗಿದೆ. ಈ ಎಲ್ಲ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಪೆಟ್ಟಿಗೆಯೊಳಗಿನ ವೈಸನ್ನು ಚಿತ್ರ ನೋಡಿ ಕೊಳ್ಳುವುದಕ್ಕಿಂತ ಬಳ್ಳಾರಿಗೆ ಹೋಗಿ ಕೈಯಲ್ಲಿ ಮುಟ್ಟಿ ತರುವುದು ಮೇಲು ಎನ್ನುವುದಕ್ಕೆ ಇದೇ ಕಾರಣ.

ಇನ್ನು ನೆಲೆ. ಒಳ್ಳೆಯ ವೈಸನ್ನು ಅಲ್ಲಾಡುವ ಮೇಜಿಗೆ ಕೂರಿಸಿದರೆ ನಿಮ್ಮ ಶ್ರಮದ ಅರ್ಧಪಾಲು ಮೇಜು ಅಲುಗಾಡಿಸುವುದಕ್ಕೇ ಹೋಗುತ್ತದೆ. ಆ ಸಿಟ್ಟಿಗೆ ನಾವು ಇನ್ನೂ ಜೋರಾಗಿ ಬಡಿಯುತ್ತೇವೆ, ಬಿಗಿಯುತ್ತೇವೆ. 50 ಮಿ.ಮೀ. ಆ್ಯಂಗಲ್‌ನಿಂದ ಚೌಕಟ್ಟು ಮಾಡಿಸಿ, ಮೇಲೆ ಎರಡು ಇಂಚು ದಪ್ಪದ ಬೇವಿನ ಅಥವಾ ಕರಿಜಾಲಿಯ ಹಲಗೆ ಹಾಕಿಸಿ. ವೈಸನ್ನು ಮೇಜಿನ ಕಾಲಿನ ಮೇಲೆಯೇ ಬರುವಂತೆ ಕೂರಿಸಿ, ಹಲಗೆಯ ನಡುವೆ ಬೇಡ. ಹಿಂದಿನ ದವಡೆಯ ಮುಖ ಮೇಜಿನ ಅಂಚಿಗಿಂತ ಒಂದಿಷ್ಟು ಮುಂದಿರಲಿ, ಆಗ ಉದ್ದನೆಯ ಸರಳನ್ನು ನೆಟ್ಟಗೆ ಕೆಳಗಿಳಿಸಿ ಹಿಡಿಯಬಹುದು. ಹಲಗೆಯನ್ನು ತೂರಿ ಹೋಗುವ 12 ಮಿ.ಮೀ. ಬೋಲ್ಟು ಹಾಕಿ, ಅಡಿಯಲ್ಲಿ ಅಗಲವಾದ ಕಬ್ಬಿಣದ ಪ್ಲೇಟು ಕೊಡಿ. ಮರದ ಸ್ಕ್ರೂವಿಗೆ ನೆಚ್ಚಿಕೊಳ್ಳಬೇಡಿ. ಎತ್ತರಕ್ಕೆ ಐಟಿಐ ಫಿಟ್ಟರ್ ತರಗತಿಯ ಅಳತೆ ಸರಿಯಾದದ್ದು: ನೆಟ್ಟಗೆ ನಿಂತು ಮುಷ್ಟಿಯನ್ನು ಗದ್ದಕ್ಕೆ ಆನಿಸಿದರೆ ಮೊಣಕೈ ದವಡೆಯ ಮೇಲ್ತುದಿಗೆ ತಾಗಬೇಕು.

ನಿಮ್ಮೂರಿನಲ್ಲಿ ಇನ್ನೊಂದು ಎಚ್ಚರ ಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಜಿನ ಕಾಲನ್ನು ಸೀದಾ ಅದರಲ್ಲಿ ಹೂತರೆ ಎರಡು ವರ್ಷದಲ್ಲಿ ಓರೆಯಾಗುತ್ತದೆ. ಎರಡೂವರೆ ಅಡಿಯಷ್ಟು ಎರೆಮಣ್ಣು ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ ಕಾಂಕ್ರೀಟು ಹಾಸಿ ಮೇಜಿನ ಕಾಲುಗಳನ್ನು ಅದಕ್ಕೆ ಬೋಲ್ಟು ಮಾಡಿ. ಶೆಡ್ಡು ತಗ್ಗಿನಲ್ಲಿದ್ದರೆ ಒಂದೆರಡು ಅಡಿ ಎತ್ತರಿಸಿಕೊಳ್ಳಿ. 2009ರ ಅಕ್ಟೋಬರಿನ ನೆರೆ ನಿಮ್ಮ ತಾಲ್ಲೂಕಿಗೆ ಏನು ಮಾಡಿತೆಂದು ನಿಮಗೇ ಗೊತ್ತು. ಒಂದು ವೇಳೆ ನೀರು ಹೊಕ್ಕರೆ, ಇಳಿದ ದಿನವೇ ವೈಸ್ ಬಿಚ್ಚಿ, ನಟ್ಟಿನೊಳಗಿನ ಮರಳು, ಕೆಸರನ್ನು ತೊಳೆದು, ಒಣಗಿಸಿ ಎಣ್ಣೆ ಹಾಕಬೇಕು. ಮರಳು ಉಳಿದ ನಟ್ಟನ್ನು ತಿರುಗಿಸಿದರೆ ಎಳೆಗಳು ಅರ ಹಾಕಿದ ಹಾಗೆ ಸವೆಯುತ್ತವೆ.

ಗುಜರಿಯ ಪ್ರಶ್ನೆಗೆ ಬರೋಣ. ಹಳೆಯ ವೈಸ್ ಗಟ್ಟಿ ಎಂಬ ಮಾತಿನಲ್ಲಿ ಸತ್ಯವಿದೆ. 1885ರ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಂಥ ದೊಡ್ಡ ಕಾರ್ಖಾನೆಗಳ ಕಾಲದಲ್ಲಿ ವೈಸ್ ಎಂದರೆ ದಿನಕ್ಕೆ ಎಂಟು ಗಂಟೆ ದುಡಿಯುವ ಸಲಕರಣೆ. ಇಂಗ್ಲೆಂಡಿನ ಶೆಫೀಲ್ಡಿನಿಂದ ಬಂದ ‘ರೆಕಾರ್ಡ್’ ವೈಸ್‌ಗಳು ಈಗಲೂ ಅಲ್ಲಲ್ಲಿ ಕೆಲಸ ಮಾಡುತ್ತಿವೆ. ಆದರೆ ಕೆಟ್ಟವು ಆಗಲೇ ಮುರಿದು ಕರಗಿಹೋಗಿವೆ, ಉಳಿದವನ್ನು ಮಾತ್ರ ನಾವು ನೋಡುತ್ತಿದ್ದೇವೆ ಎಂಬುದೂ ನೆನಪಿರಲಿ. ಬಳ್ಳಾರಿ, ಹೊಸಪೇಟೆಯ ಗುಜರಿಗಳಲ್ಲಿ ಸಿಕ್ಕರೆ ಹೀಗೆ ನೋಡಿ. ದವಡೆಯ ಬುಡ, ಜಾರು ಭಾಗ, ಬೋಲ್ಟು ಕೂರುವ ಕಿವಿ, ಈ ಮೂರು ಕಡೆ ವೈರ್ ಬ್ರಶ್ಶಿನಿಂದ ಉಜ್ಜಿ. ವೆಲ್ಡ್ ಗುರುತು ಕಂಡರೆ ಕೊಳ್ಳಬೇಡಿ. ಎರಕದ ಕಬ್ಬಿಣಕ್ಕೆ ಹಾಕಿದ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಸೀಳುವುದು ಹೆಚ್ಚು. ಹ್ಯಾಂಡಲನ್ನು ಹಿಂದೆ ಮುಂದೆ ತಿರುಗಿಸಿ, ದವಡೆ ಅಲುಗದೆ ಕಾಲು ಸುತ್ತಿಗಿಂತ ಹೆಚ್ಚು ಖಾಲಿ ತಿರುಗಿದರೆ ನಟ್ಟು ಸವೆದಿದೆ. ನಟ್ಟು ಬೇರೆ ತುಂಡಾಗಿದ್ದರೆ ಅದೇನೂ ದೊಡ್ಡ ದೋಷವಲ್ಲ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ತುಕ್ಕಿಗೆ ಹೆದರಬೇಡಿ. ಎರಡು ದಿನ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ನೆನೆಸಿದರೆ ಮೇಲ್ಮೈಯ ತುಕ್ಕು ಬಿಡುತ್ತದೆ. ಬಿರುಕಿಲ್ಲದ, ತುಕ್ಕು ಹಿಡಿದ ಹಳೆಯ ವೈಸ್, ಹೊಳೆಯುವ ಬಣ್ಣದ ತೆಳು ಹೊಸದಕ್ಕಿಂತ ಖಂಡಿತ ಮೇಲು.

ತಂದ ಮೇಲೆ ಉಪಚಾರ ತೀರಾ ಕಡಿಮೆ. ವಾರಕ್ಕೊಮ್ಮೆ ಸ್ಕ್ರೂ ಮೇಲಿನ ಕಬ್ಬಿಣದ ಪುಡಿಯನ್ನು ಬ್ರಶ್ಶಿನಿಂದ ಗುಡಿಸಿ, ಒಂದೆರಡು ಹನಿ ಎಣ್ಣೆ ಬಿಡಿ. ಗ್ರೀಸನ್ನು ಮೆತ್ತಬೇಡಿ, ಅದಕ್ಕೆ ಭತ್ತದ ಹೊಟ್ಟಿನ ಧೂಳೂ ಲೋಹದ ಪುಡಿಯೂ ಅಂಟಿಕೊಂಡು ನಟ್ಟನ್ನು ತಿನ್ನುತ್ತವೆ. ಬಡಿಯಲೇಬೇಕಾದಾಗ ಪೆಟ್ಟು ಹಿಂದಿನ, ಅಲುಗಾಡದ ದವಡೆಯ ಕಡೆಗೆ ಬೀಳಲಿ. ಜಾರು ಭಾಗದ ಬೆನ್ನಿನ ಮೇಲೆ ಏನನ್ನೂ ಇಟ್ಟು ಬಡಿಯಬೇಡಿ. ಸಾಮಾನನ್ನು ದವಡೆಯ ಮೇಲಂಚಿನಲ್ಲಿ ಕಚ್ಚಿಸದೆ ಆಳಕ್ಕೆ ಇಳಿಸಿ ಹಿಡಿಯಿರಿ. ವೈಸ್‌ನಲ್ಲಿ ಹಿಡಿದು ವೆಲ್ಡ್ ಮಾಡುವಾಗ ಅರ್ಥ್ ಕ್ಲ್ಯಾಂಪನ್ನು ಸಾಮಾನಿಗೇ ಹಾಕಿ. ವೈಸ್‌ನ ಮೈಗೆ ಹಾಕಿದರೆ ಕರೆಂಟು ಸ್ಕ್ರೂ, ನಟ್ಟುಗಳ ನಡುವೆ ಹರಿದು ಎಳೆಗಳ ಮೇಲೆ ಕಿಡಿಯ ಗುಳಿ ಬೀಳುತ್ತದೆ. ಕೆಲಸ ಮುಗಿದ ಮೇಲೆ ದವಡೆಯನ್ನು ಬಿಗಿಯದೆ ಸುಮ್ಮನೆ ಮುಚ್ಚಿ, ಹ್ಯಾಂಡಲನ್ನು ಕೆಳಮುಖವಾಗಿ ಬಿಡಿ, ಓಡಾಡುವ ಮಕ್ಕಳ ತಲೆಗೆ ತಾಗದಿರಲಿ.

ಮಗನ ಕಾಲಕ್ಕೂ ಬರಬೇಕು ಎಂದು ಕೇಳಿದ್ದೀರಿ. ಆ ಆಸೆ ದುಬಾರಿಯದ್ದೇನಲ್ಲ. ಇಡೀ ವೈಸ್‌ನಲ್ಲಿ ಸವೆಯುವುದು ಮುಖ್ಯವಾಗಿ ದವಡೆಯ ಪ್ಲೇಟು, ನಟ್ಟು, ಸ್ಕ್ರೂ ಈ ಮೂರೇ. ಇವು ಬದಲಾಗುವಂತಿದ್ದು ಮೈ ಒಡೆಯದ ಲೋಹದ್ದಾದರೆ ವೈಸ್‌ಗೆ ಮುಪ್ಪಿಲ್ಲ. ಕೊಳ್ಳುವ ದಿನವೇ ಒಂದು ಜೊತೆ ಜಾ ಪ್ಲೇಟು, ಅದರ ಸ್ಕ್ರೂಗಳು, ಒಂದು ನಟ್ಟು ಹೆಚ್ಚಿಗೆ ತಂದು ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ, ಮಾದರಿ ನಿಂತುಹೋದರೂ ಚಿಂತೆಯಿಲ್ಲ. ಹಾಗೆಯೇ, ಮಗನಿಗೆ ವೈಸ್ ಕೊಡುವ ಮೊದಲು ಹ್ಯಾಂಡಲಿಗೆ ಪೈಪು ತೂರಿಸಬಾರದೆಂಬುದನ್ನು ಲೆಕ್ಕದ ಸಮೇತ ಹೇಳಿಕೊಡಿ. ಆ ಒಂದು ಮಾತು ವೈಸನ್ನೂ ಉಳಿಸುತ್ತದೆ, ಅವನ ಕೈಯನ್ನೂ ಉಳಿಸುತ್ತದೆ.